ಡಬ್ಬಿಗೆ ₹4,000, ಮೊದಲ ಟ್ಯಾಂಕಿಗೆ ₹21,000: ನಾಗಪುರದಿಂದ ಒಂದು ಲೆಕ್ಕ

ಟಿ-55 ಟ್ಯಾಂಕಿನ ತೂಕ 36 ಟನ್. ನಳಿಗೆಯನ್ನು ಮುಂದಕ್ಕೆ ಚಾಚಿ ನಿಂತರೆ ಉದ್ದ 9 ಮೀಟರ್, ಎತ್ತರ 2.4 ಮೀಟರ್. ಇದನ್ನು 1:35 ಪ್ರಮಾಣಕ್ಕೆ ಇಳಿಸಿದರೆ ಉದ್ದ 25.7 ಸೆಂ.ಮೀ., ಎತ್ತರ 6.9 ಸೆಂ.ಮೀ. ಉದ್ದ 35ರಲ್ಲಿ ಒಂದು ಪಾಲಾದರೆ ಮೇಲ್ಮೈ 1,225ರಲ್ಲಿ ಒಂದು ಪಾಲು, ಘನಗಾತ್ರ 42,875ರಲ್ಲಿ ಒಂದು ಪಾಲು. ಅದೇ ಉಕ್ಕಿನಲ್ಲಿ, ಒಳಗಿನ ಎಂಜಿನ್ ಗುಂಡು ಎಲ್ಲ ಸೇರಿಸಿ ಮಾಡಿದರೂ ಆ ಪುಟ್ಟ ಟ್ಯಾಂಕ್ ತೂಗುವುದು 840 ಗ್ರಾಂ ಮಾತ್ರ. 58.5 ಟನ್ನಿನ ನಮ್ಮ ಅರ್ಜುನ್ ಹಾಗೆ ಕುಗ್ಗಿದರೆ 1 ಕಿಲೋ 364 ಗ್ರಾಂ. ಮಾದರಿ ಕಟ್ಟುವವರು ಕೆಲಸ ಶುರುಮಾಡುವ ಮೊದಲು ತಿಳಿದಿರಬೇಕಾದ ಸಂಖ್ಯೆಗಳು ಈ ಮೂರು: 35, 1,225, 42,875. ಬಣ್ಣ ಎಷ್ಟು ಬೇಕು, ಕೆಸರು ಎಷ್ಟು ದಪ್ಪ ಇರಬೇಕು, ತುಕ್ಕಿನ ಚುಕ್ಕೆ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇವುಗಳಲ್ಲೇ ಇದೆ.

35 ಎಂಬ ಸಂಖ್ಯೆ ಬಂದದ್ದು ಜಪಾನಿನ ಶಿಜುವೋಕಾದಿಂದ. ಅಲ್ಲಿನ ಟಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರು ಹಚ್ಚಿದ ಪ್ಯಾಂಥರ್ ಟ್ಯಾಂಕಿನ ಕಿಟ್ ತಯಾರಿಸಿತು. ಎರಡು ಬ್ಯಾಟರಿ ಸೆಲ್ ಒಳಗೆ ಹಿಡಿಯುವಷ್ಟು ಅಗಲ ಇಟ್ಟು ಮಾಡಿದ ಆ ಮಾದರಿಯನ್ನು ಅಳೆದು ನೋಡಿದಾಗ ಅದು 1:35 ಆಗಿತ್ತು. ಇಂದು ಜಗತ್ತಿನ ಟ್ಯಾಂಕ್ ಕಿಟ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅದೇ ಪ್ರಮಾಣ.

ನಾಗಪುರದಲ್ಲಿ ಕೂತು ಈ ಲೆಕ್ಕ ಹಾಕುವುದಕ್ಕೆ ಕಾರಣವಿದೆ. ಊರಿಗೆ ಹತ್ತಿರದಲ್ಲೇ 1821ರಲ್ಲಿ ಹುಟ್ಟಿದ ಕಾಮ್ಟಿ ದಂಡು ಪ್ರದೇಶವಿದೆ. ಬ್ರಿಗೇಡ್ ಆಫ್ ದಿ ಗಾರ್ಡ್ಸ್ ರೆಜಿಮೆಂಟಿನ ಕೇಂದ್ರ ಇರುವುದು ಅಲ್ಲಿ. ಜಾತಿ ಪ್ರಾಂತಗಳ ಎಣಿಕೆಯಿಲ್ಲದೆ ದೇಶದ ಎಲ್ಲ ಕಡೆಯವರನ್ನೂ ಸೇರಿಸಿಕೊಳ್ಳುವ ಈ ರೆಜಿಮೆಂಟನ್ನು 1949ರಲ್ಲಿ ಕಟ್ಟಿದವರು ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ. ಗಾರ್ಡ್ಸ್ ಇಂದು ಬಿಎಂಪಿ-2 ಕವಚ ವಾಹನದಲ್ಲಿ ಸಾಗುವ ಪಡೆ. ಆ ವಾಹನ 14.3 ಟನ್ ತೂಗುತ್ತದೆ, ಉದ್ದ 6.735 ಮೀಟರ್, ಮೂವರು ಸಿಬ್ಬಂದಿ, ಏಳು ಸೈನಿಕರು. 1:35ರಲ್ಲಿ ಅದು 19.2 ಸೆಂ.ಮೀ. ಅದರ 30 ಮಿ.ಮೀ. ತೋಪಿನ ಬಾಯಿ ಮಾದರಿಯಲ್ಲಿ 0.86 ಮಿ.ಮೀ. ಆಗುತ್ತದೆ. 0.8 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ನಿಧಾನವಾಗಿ ತಿರುವಿ ಕೊರೆದರೆ ಸರಿಯಾದ ತೂತು ಸಿಗುತ್ತದೆ. ಕೊರೆಯದೆ ಕಪ್ಪು ಚುಕ್ಕೆ ಇಟ್ಟು ಬಿಟ್ಟ ನಳಿಗೆ ಎಷ್ಟು ಚೆನ್ನಾಗಿ ಬಣ್ಣ ಬಳಿದರೂ ಪ್ಲಾಸ್ಟಿಕ್ ಕಡ್ಡಿಯಾಗಿಯೇ ಕಾಣುತ್ತದೆ.

ಈಗ ಹಣ. ಕೆಳಗಿನ ರೂಪಾಯಿಗಳು ದುಂಡು ಅಂದಾಜು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಇರುತ್ತವೆ. 1:35ರ ಟಿ-55 ಕಿಟ್ ಒಂದಕ್ಕೆ ₹4,000 ಹಿಡಿಯೋಣ. ನಿಪ್ಪರ್, ಚಾಕು, ಚಿಮ್ಮಟ, ಅರ, ಕೈ ಡ್ರಿಲ್, 600ರಿಂದ 2,000 ನಂಬರಿನ ಎಮರಿ ಪೇಪರ್ ಎಲ್ಲ ಸೇರಿ ₹1,800. ಅಂಟು ₹400, ಪ್ರೈಮರ್ ₹500. ಏರ್‌ಬ್ರಷ್ ಮತ್ತು ಗಾಳಿ ತುಂಬಿಡುವ ಟ್ಯಾಂಕ್ ಇರುವ ಚಿಕ್ಕ ಕಂಪ್ರೆಸರ್ ₹9,500. ಎಂಟು ಶೀಶೆ ಬಣ್ಣ ₹2,000, ಥಿನ್ನರ್ ₹300, ಹೊಳಪಿನದೊಂದು ಹೊಳಪಿಲ್ಲದ್ದೊಂದು ವಾರ್ನಿಷ್ ₹600. ಐದು ಟ್ಯೂಬ್ ಆಯಿಲ್ ಬಣ್ಣ ಮತ್ತು ಟರ್ಪೆಂಟೈನ್ ₹550. ಧೂಳು ಪಿಗ್ಮೆಂಟ್ ₹150. ದ್ರಾವಕದ ಆವಿಯನ್ನು ತಡೆಯುವ ಮಾಸ್ಕ್ ₹1,200. ಮೊತ್ತ ₹21,000. ಅಂದರೆ ಮೊದಲ ಟ್ಯಾಂಕಿನ ಖರ್ಚಿನಲ್ಲಿ ಕಿಟ್‌ನ ಪಾಲು ಶೇ. 19 ಮಾತ್ರ. ಡಬ್ಬಿಯ ಬೆಲೆ ನೋಡಿ ಈ ಹವ್ಯಾಸಕ್ಕೆ ಇಳಿದವರು ನಡುದಾರಿಯಲ್ಲಿ ಬಿಡುವುದು ಇಲ್ಲೇ.

ಬಿಡಬಾರದು ಎನ್ನುವುದೂ ಅದೇ ಲೆಕ್ಕದಿಂದಲೇ ತಿಳಿಯುತ್ತದೆ. ಎರಡನೇ ಟ್ಯಾಂಕಿಗೆ ಕಂಪ್ರೆಸರ್, ಸಲಕರಣೆ, ಮಾಸ್ಕ್ ಮತ್ತೆ ಕೊಳ್ಳುವ ಹಾಗಿಲ್ಲ; ಆ ₹12,500 ಒಂದೇ ಸಲದ್ದು. ಒಂದು ಟ್ಯಾಂಕಿಗೆ ನಿಜವಾಗಿ ತೀರುವ ಬಣ್ಣ, ಅಂಟು, ಪ್ರೈಮರ್, ಥಿನ್ನರ್, ವಾರ್ನಿಷ್, ಎಮರಿ ಎಲ್ಲ ಕೂಡಿಸಿದರೆ ಸುಮಾರು ₹1,000. ಕಿಟ್ ಸೇರಿ ₹5,000. ಹತ್ತು ಟ್ಯಾಂಕ್ ಕಟ್ಟಿದವರಿಗೆ ಸಲಕರಣೆಯ ಪಾಲು ತಲಾ ₹1,250, ಒಂದು ಟ್ಯಾಂಕಿನ ಒಟ್ಟು ₹6,250. ಆಗ ಕಿಟ್‌ನ ಪಾಲು ಶೇ. 64ಕ್ಕೆ ಏರುತ್ತದೆ. ಕಂಪ್ರೆಸರ್ ಓಡಿಸುವ ವಿದ್ಯುತ್ತಿಗೆ ಹೆದರಬೇಕಾಗಿಲ್ಲ: ಆರನೇ ಒಂದು ಅಶ್ವಶಕ್ತಿಯ ಮೋಟಾರು ಸುಮಾರು 125 ವ್ಯಾಟ್ ಎಳೆಯುತ್ತದೆ, ಎರಡು ತಾಸಿಗೆ ಕಾಲು ಯೂನಿಟ್.

ಬಣ್ಣ ಎಷ್ಟು ಮಿಲಿ ಬೇಕು? 1:35ರ ಟಿ-55ರ ಹೊರಮೈ, ಹತ್ತು ಜೋಡಿ ಚಕ್ರ ಸೇರಿ, ಅಂದಾಜು 1,500 ಚದರ ಸೆಂ.ಮೀ. ಏರ್‌ಬ್ರಷ್‌ನಿಂದ ಒಂದು ಕೋಟ್‌ಗೆ 30 ಮೈಕ್ರಾನ್ ಹಸಿ ಪದರ ಎಂದಿಟ್ಟುಕೊಂಡರೆ 4.5 ಮಿಲಿ. ಅರ್ಧದಷ್ಟು ಗಾಳಿಗೆ ಹೋಗುತ್ತದೆ, ಆದ್ದರಿಂದ 9 ಮಿಲಿ. ಅದರಲ್ಲೂ ಅರ್ಧ ಥಿನ್ನರ್. ಹಾಗಾಗಿ ಒಂದು ಕೋಟ್‌ಗೆ ನಿಜವಾದ ಬಣ್ಣ 4.5 ಮಿಲಿ, ಎರಡು ಕೋಟ್‌ಗೆ 9 ಮಿಲಿ. ಒಂದು 10 ಮಿಲಿ ಶೀಶೆ ಸಾಕು. ಆದರೆ ಎಂಟು ಶೀಶೆ ಕೊಂಡಿರುತ್ತೇವೆ. ಮಿಕ್ಕ ಏಳರಲ್ಲಿ ಹೆಚ್ಚಿನದು ಮುಂದಿನ ಟ್ಯಾಂಕಿಗೆ ಉಳಿಯುತ್ತದೆ. ಮುಚ್ಚಳದ ಅಂಚನ್ನು ಪ್ರತಿ ಸಲ ಒರೆಸಿ ಬಿಗಿಯಾಗಿ ಮುಚ್ಚುವವರಿಗೆ ಮಾತ್ರ ಉಳಿಯುತ್ತದೆ, ನಾಗಪುರದ ಮೇ ತಿಂಗಳಲ್ಲಂತೂ ಹೌದು.

ಕಿಟ್ ದುಬಾರಿಯಾದದ್ದಕ್ಕೆ ಸುಂಕದ ಪಾತ್ರ ದೊಡ್ಡದು. ಕಸ್ಟಮ್ಸ್ ಪಟ್ಟಿಯ 9503ನೇ ಶೀರ್ಷಿಕೆಯಲ್ಲಿ ಗೊಂಬೆ, ಮೂರು ಚಕ್ರದ ಸೈಕಲ್, ಪಜಲ್‌ಗಳ ಜೊತೆಗೆ ಪ್ರಮಾಣಬದ್ಧ ಮಾದರಿಗಳೂ ಸೇರಿವೆ. 2020ರ ಬಜೆಟ್‌ನಲ್ಲಿ ಆಟಿಕೆಗಳ ಮೂಲ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70ಕ್ಕೆ. ಮೇಲ್ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ನೋಡೋಣ. ₹1,000ಕ್ಕೆ ಬಂದಿಳಿದ ಕಿಟ್ ಶೇ. 20 ಸುಂಕ, ಶೇ. 12 ಜಿಎಸ್‌ಟಿ ಸೇರಿ ₹1,344 ಆಗುತ್ತಿತ್ತು. ಶೇ. 60ರಲ್ಲಿ ₹1,792. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಶೇ. 5ಕ್ಕೆ ಇಳಿದ ಮೇಲೆ, ಶೇ. 70 ಸುಂಕದೊಂದಿಗೆ, ₹1,785. ಸುಂಕದ ಏರಿಕೆ, ಜಿಎಸ್‌ಟಿ ಇಳಿಕೆ ಎರಡೂ ಕೂಡಿ ಕೊನೆಗೆ ಉಳಿದದ್ದು ಏಳು ರೂಪಾಯಿ. ಇದಕ್ಕೆ ಮೇಲೆ ವ್ಯಾಪಾರಿಯ ಲಾಭ, ಕೊರಿಯರ್. ಚನ್ನಪಟ್ಟಣದ ಬೊಂಬೆ ಮಾಡುವವರಿಗೆ ಹೊರಗಿನ ಅಗ್ಗದ ಆಟಿಕೆಯಿಂದ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡವರು ತಿಂಗಳುಗಟ್ಟಲೆ ಕೂತು ಕಟ್ಟುವ ಪಾಲಿಸ್ಟೈರೀನ್ ಕಿಟ್ ಆ ಬೊಂಬೆಗೆ ಎದುರಾಳಿಯೇ ಆಗಿರಲಿಲ್ಲ. ಎರಡಕ್ಕೂ ಒಂದೇ ದರ ಹಚ್ಚಿರುವುದು ತಪ್ಪು, ಬೇರೆ ಮಾಡಬೇಕು.

ಖರ್ಚು ನಿಜವಾಗಿ ಕಡಿಮೆಯಾಗುವ ಜಾಗ ವೆದರಿಂಗ್. ಹೊಸದಾಗಿ ಬಣ್ಣ ಬಳಿದ ಟ್ಯಾಂಕಿಗೆ ಬಿಸಿಲು, ಮಳೆ, ಎಣ್ಣೆ, ಕೆಸರಿನ ಗುರುತು ಕೊಡುವ ಕೆಲಸ ಅದು. ವಿದೇಶಿ ಕಂಪನಿಗಳ ಸಿದ್ಧ ವಾಷ್ (ಸಂದಿಗಳಿಗೆ ಹರಿಸುವ ತೆಳು ಬಣ್ಣ) 35 ಮಿಲಿ ಶೀಶೆಗೆ ಸುಮಾರು ₹500, ಅಂದರೆ ಮಿಲಿಗೆ ₹14. ಭಾರತದ್ದೇ ಕಲಾವಿದರ ಆಯಿಲ್ ಬಣ್ಣದ 9 ಮಿಲಿ ಟ್ಯೂಬು ₹80 ಎಂದುಕೊಂಡರೆ, ಒಂದು ಮಿಲಿ ಬರ್ನ್ಟ್ ಅಂಬರ್‌ಗೆ 12 ಮಿಲಿ ಟರ್ಪೆಂಟೈನ್ ಬೆರೆಸಿದ 13 ಮಿಲಿ ವಾಷ್‌ಗೆ ₹33 ಖರ್ಚು. ಮಿಲಿಗೆ ₹2.50. ರಿವೆಟ್‌ಗಳ ಸುತ್ತ, ಬಾಗಿಲುಗಳ ಸಂದಿಯಲ್ಲಿ ಹರಿಸುವುದಕ್ಕೆ ಒಂದು ಟ್ಯಾಂಕಿಗೆ ಮೂರು ಮಿಲಿಗಿಂತ ಹೆಚ್ಚು ಬೇಡ. ಕೆಳಗೆ ಹೊಳಪಿನ ವಾರ್ನಿಷ್ ಒಣಗಿರಲೇಬೇಕು, ಇಲ್ಲದಿದ್ದರೆ ವಾಷ್ ಹರಡಿ ಮೈಯೆಲ್ಲ ಕೊಳೆಯಾಗುತ್ತದೆ.

ಕೆಸರಿನ ಮಣ್ಣಿಗೆ ಒಂದು ಪೈಸೆಯೂ ಬೇಡ. ನಾಗಪುರ ಜಿಲ್ಲೆಯ ಹೊಲಗಳಲ್ಲಿ ಗದಗ, ವಿಜಯಪುರದ ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಅದೇ ಎರೆಮಣ್ಣು ಇದೆ. ಮಾದರಿಗೆ ಮಣ್ಣು ಆರಿಸುವಾಗ ನೋಡಬೇಕಾದದ್ದು ಕಣದ ಗಾತ್ರ. 0.2 ಮಿ.ಮೀ. ಮರಳಿನ ಕಣ 1:35ರಲ್ಲಿ 7 ಮಿ.ಮೀ. ಜಲ್ಲಿಯಾಗಿ ಕಾಣುತ್ತದೆ, ನದಿ ಮರಳು ಮೆತ್ತಿದ ಟ್ಯಾಂಕ್ ಕಲ್ಲುಗಣಿಯಿಂದ ಎದ್ದು ಬಂದಂತಿರುತ್ತದೆ. ಜೇಡಿಯ ಕಣ 0.002 ಮಿ.ಮೀ.ಗಿಂತ ಚಿಕ್ಕದು, 35 ಪಟ್ಟು ಹಿಗ್ಗಿಸಿದರೂ 0.07 ಮಿ.ಮೀ. ದಾಟುವುದಿಲ್ಲ. ಎರೆಮಣ್ಣಿನಲ್ಲಿ ಇಂಥ ಜೇಡಿಯೇ ಹೇರಳ. ಹೆಂಚಿನ ಮೇಲೆ ಹುರಿದು ಹುಳು ಬೇರು ಸಾಯಿಸಿ, ಕುಟ್ಟಿ, ಮಲ್ ಬಟ್ಟೆಯಲ್ಲಿ ಜರಡಿ ಹಿಡಿದರೆ ಸಿಗುವ ಪುಡಿ ಯಾವ ಶೀಶೆಯ ಪಿಗ್ಮೆಂಟಿಗೂ ಕಡಿಮೆಯಿಲ್ಲ.

ಒಂದು ತೊಂದರೆ ಇದೆ. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹೊಲದಲ್ಲಿ ಬಿರಿಯುವುದು ಮಾದರಿಯ ಮೇಲೂ ಬಿರಿದು ಉದುರುತ್ತದೆ. ಎರಡು ಪಾಲು ಮಣ್ಣಿಗೆ ಒಂದು ಪಾಲು ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಪುಡಿ, ಮೂರು ಪಟ್ಟು ನೀರಿನಲ್ಲಿ ತೆಳುಮಾಡಿದ ಫೆವಿಕಾಲ್ ಸೇರಿಸಿ, ತೆಳುವಾಗಿ ಎರಡು ಮೂರು ಸಲ ಹಚ್ಚಿದರೆ ನಿಲ್ಲುತ್ತದೆ. ಎಷ್ಟು ಹಚ್ಚಬೇಕು? ಕೆಳಭಾಗದ ಸುಮಾರು 500 ಚದರ ಸೆಂ.ಮೀ.ಗೆ ಸರಾಸರಿ 0.2 ಮಿ.ಮೀ. ಎಂದರೆ 10 ಘನ ಸೆಂ.ಮೀ., ಎರಡು ಟೀ ಚಮಚ. ಅದನ್ನು 42,875ರಿಂದ ಗುಣಿಸಿ: ನಿಜವಾದ ಟ್ಯಾಂಕಿನ ಮೇಲೆ 0.43 ಘನ ಮೀಟರ್ ಕೆಸರು, ಸುಮಾರು 700 ಕಿಲೋ. ಮಳೆಗಾಲದ ಹೊಲ ದಾಟಿದ ಟ್ಯಾಂಕಿಗೆ ಅಷ್ಟು ಸಾಕು. ಇದಕ್ಕಿಂತ ಹೆಚ್ಚು ಮೆತ್ತಿದವರು ತಾವೇ ತಾಸುಗಟ್ಟಲೆ ದುಡಿದು ಕಟ್ಟಿದ ಚಕ್ರಗಳನ್ನು ಮುಚ್ಚಿಬಿಡುತ್ತಾರೆ.

ಮಣ್ಣು ಕಥೆಗೆ ಹೊಂದಬೇಕು. ಕಾಮ್ಟಿಯ ಬಿಎಂಪಿಗೆ ಎರೆಮಣ್ಣು ಸರಿ. 1971ರ ಡಿಸೆಂಬರ್‌ನ ಲೋಂಗೆವಾಲಾ ಕದನದಲ್ಲಿ ಕೈಬಿಟ್ಟ ಪಾಕಿಸ್ತಾನಿ ಟಿ-59 ಟ್ಯಾಂಕಿಗೆ ಇದೇ ಮಣ್ಣು ಹಚ್ಚಿದರೆ ಕೆಲಸ ಎಷ್ಟು ನಾಜೂಕಾಗಿದ್ದರೂ ಅದು ಸುಳ್ಳು. ಥಾರ್ ಮರುಭೂಮಿಯ ಮಾಸಲು ಹಳದಿ ಧೂಳು ಬೇಕು. ಬಣ್ಣ ಕಿತ್ತ ಗುರುತುಗಳಿಗೂ ಇದೇ ಲೆಕ್ಕ: ಮಾದರಿಯ ಮೇಲಿನ 1 ಮಿ.ಮೀ. ಕಲೆ ನಿಜದಲ್ಲಿ 3.5 ಸೆಂ.ಮೀ. ಬಹುಪಾಲು ಗುರುತುಗಳು 0.2 ಮಿ.ಮೀ. ದಾಟಬಾರದು. ಸೇವೆಯಲ್ಲಿರುವ ಟ್ಯಾಂಕಿನ ಮೈ ಹಾಗೆಲ್ಲ ತುಕ್ಕು ಹಿಡಿಯುವುದಿಲ್ಲ, ಸಿಬ್ಬಂದಿ ಬಿಡುವುದೂ ಇಲ್ಲ.

ಚೈನಿನ ಮಾತು ಬೇರೆ. ಸೋವಿಯತ್ ಮೂಲದ ಟ್ಯಾಂಕುಗಳ ಚೈನಿನ ಕೊಂಡಿಗಳು ಮ್ಯಾಂಗನೀಸ್ ಉಕ್ಕಿನವು. ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಈ ಉಕ್ಕಿನಲ್ಲಿ ಮ್ಯಾಂಗನೀಸ್ ಪಾಲು ಶೇ. 12ರಿಂದ 14, ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುತ್ತದೆ. ದೇಶದ ಅತಿ ದೊಡ್ಡ ಮ್ಯಾಂಗನೀಸ್ ಅದಿರು ಕಂಪನಿ ಮಾಯಿಲ್‌ನ ಮುಖ್ಯ ಕಚೇರಿ ಇರುವುದು ನಾಗಪುರದಲ್ಲೇ. ಅದರ ಮೂಲ 1896ರಷ್ಟು ಹಿಂದಿನದು. ವಾಷ್‌ಗೆ ಬಳಸುವ ಅಂಬರ್ ಬಣ್ಣದ ಕಂದು ಕೂಡ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡ್‌ಗಳದ್ದು. ಚೈನಿಗೆ ಹಚ್ಚಬೇಕಾದದ್ದು ತೆಳು ಕಂದು, ನೆಲಕ್ಕೆ ಉಜ್ಜುವ ಅಂಚಿನಲ್ಲಿ ಪೆನ್ಸಿಲ್ ಸೀಸದ ಪುಡಿಯ ಬೆಳ್ಳಿ ಹೊಳಪು. ಕಿತ್ತಳೆ ತುಕ್ಕು ಬೇಡ.

ಸಮಯವನ್ನೂ ಎಣಿಸಬೇಕು. ಬಿಡಿ ಕೊಂಡಿಗಳಿರುವ ಟಿ-55 ಕಿಟ್‌ನಲ್ಲಿ ಬದಿಗೆ ಸುಮಾರು 90 ಕೊಂಡಿ, ಎರಡೂ ಬದಿಗೆ 180. ಒಂದನ್ನು ಕತ್ತರಿಸಿ ಉಜ್ಜಿ ಜೋಡಿಸಲು ಎರಡು ನಿಮಿಷವೆಂದರೂ ಆರು ತಾಸು. ಕಟ್ಟುವುದಕ್ಕೆ ಒಟ್ಟು 22, ಬಣ್ಣಕ್ಕೆ 12, ವೆದರಿಂಗ್‌ಗೆ 20, ಏರ್‌ಬ್ರಷ್ ತೊಳೆಯುವುದಕ್ಕೇ 6; ಪಳಗಿದ ಕೈಗೆ 60 ತಾಸು. ₹5,000ವನ್ನು 60ರಿಂದ ಭಾಗಿಸಿದರೆ ತಾಸಿಗೆ ₹83.

ಈ 60 ತಾಸುಗಳನ್ನು ವರ್ಷದ ಯಾವ ಭಾಗದಲ್ಲಿ ಇಡುತ್ತೀರಿ ಎನ್ನುವುದು ನಾಗಪುರದಲ್ಲಿ ಮುಖ್ಯ. 2013ರ ಮೇ 23ರಂದು ಇಲ್ಲಿ 47.9 ಡಿಗ್ರಿ ದಾಖಲಾಗಿತ್ತು. ಅಂಥ ಸೆಕೆಯಲ್ಲಿ ಬಣ್ಣ ಏರ್‌ಬ್ರಷ್‌ನ ಸೂಜಿಯ ತುದಿಯಲ್ಲೇ ಒಣಗುತ್ತದೆ. ಮೈಮೇಲೆ ಬೀಳುವಷ್ಟರಲ್ಲಿ ಪುಡಿಯಾಗಿ ಒರಟಾಗುತ್ತದೆ. ಜುಲೈ, ಆಗಸ್ಟ್‌ನ ತೇವದಲ್ಲಿ ಹೊಳಪಿಲ್ಲದ ವಾರ್ನಿಷ್ ಬೆಳ್ಳಗೆ ಮಂಜು ಹಿಡಿಯುತ್ತದೆ, ಪೈಪಿನಲ್ಲಿ ನೀರು ಸೇರಿ ಬಣ್ಣದ ಜೊತೆ ಚಿಮ್ಮುತ್ತದೆ. ಬೇಸಿಗೆಯಲ್ಲಿ ಕತ್ತರಿಸಿ ಜೋಡಿಸಿ, ಮಳೆಗಾಲದಲ್ಲಿ ಚೈನು ಕಟ್ಟಿ, ನವೆಂಬರ್‌ನಿಂದ ಫೆಬ್ರುವರಿಯೊಳಗೆ ಬಣ್ಣ ಮುಗಿಸುವುದು ಇಲ್ಲಿಗೆ ಹೊಂದುವ ಕ್ರಮ.

ನಿಜವಾದ ಟ್ಯಾಂಕ್ ನೋಡದೆ ಕಟ್ಟಬಾರದು. ಅಹಿಲ್ಯಾನಗರದ (ಹಳೆಯ ಅಹಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ 1994ರಿಂದ ಇದೆ. ವಿಜಯಂತ, ಸೆಂಚೂರಿಯನ್, ಪಿಟಿ-76 ಸೇರಿ ಸುಮಾರು 50 ವಾಹನಗಳು ಅಲ್ಲಿವೆ. ಬೆಸುಗೆಯ ಗೆರೆ ಎಷ್ಟು ಒರಟು, ಎರಕದ ಟರೆಟ್‌ನ ಮೈ ಎಷ್ಟು ತರಿತರಿ, ಮೆಟ್ಟಿಲೇರುವ ಕಡೆ ಬೂಟು ಸವೆಸಿದ ಬಣ್ಣ ಎಲ್ಲಿ ಎಂಬುದು ಪುಸ್ತಕದ ಚಿತ್ರಕ್ಕಿಂತ ಅಲ್ಲಿ ಬೇಗ ಅರ್ಥವಾಗುತ್ತದೆ.

ಹೊಸಬರು ₹21,000 ಒಟ್ಟಿಗೆ ಹಾಕಬೇಡಿ. ಕಂಪ್ರೆಸರ್ ಬಿಟ್ಟು ₹500ಕ್ಕೆ ಎರಡು ಒಳ್ಳೆಯ ಕುಂಚ ಕೊಂಡರೆ ಮೊದಲ ಟ್ಯಾಂಕ್ ₹12,000ಕ್ಕೆ ಮುಗಿಯುತ್ತದೆ. ಕುಂಚಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನೇ ಆರಿಸಿ. ಕಂಪ್ರೆಸರ್ ಮೂರನೇ ಟ್ಯಾಂಕಿಗೆ ಬರಲಿ. ಮಾಸ್ಕಿನ ₹1,200 ಮಾತ್ರ ಮೊದಲ ದಿನವೇ ಖರ್ಚು ಮಾಡಿ.