ಝಿಕಾ ಜ್ವರವೂ ಗರ್ಭಧಾರಣೆಯ ಅಂತರವೂ

ಸೊಳ್ಳೆಯಿಂದ ಹರಡುವ ರೋಗಗಳಲ್ಲಿ ಝಿಕಾ ಎಂಬುದು ವಿಲಕ್ಷಣವಾದುದು. ಇದರ ವೈರಾಣುವನ್ನು 1947ರಲ್ಲಿ ಯುಗಾಂಡಾ ದೇಶದ ಝಿಕಾ ಎಂಬ ಅರಣ್ಯದಲ್ಲಿ ಒಂದು ಕೋತಿಯ ರಕ್ತದಿಂದ ಬೇರ್ಪಡಿಸಿದರು. ಆ ಕಾಡಿನ ಹೆಸರೇ ರೋಗಕ್ಕೂ ನಿಂತಿತು. ಸೋಂಕು ತಗುಲಿದ ಐವರಲ್ಲಿ ಸುಮಾರು ನಾಲ್ವರಿಗೆ ಯಾವ ಚಿಹ್ನೆಯೂ ತೋರದು. ಆದರೆ ಗರ್ಭಿಣಿಗೆ ತಗುಲಿದಲ್ಲಿ ವೈರಾಣುವು ಭ್ರೂಣದ ಮಿದುಳನ್ನು ಕುಂದಿಸಿ, ಶಿಶುವು ಕಿರುತಲೆಯೊಡನೆ ಜನಿಸಬಹುದು. ದಾಂಪತ್ಯ ಸಂಪರ್ಕದಿಂದಲೂ ಇದು ಹರಡುವುದೆಂಬುದು ಮತ್ತೊಂದು ವಿಶೇಷ.

ಕರ್ನಾಟಕದಲ್ಲಿ ಇದು ಮೊದಲು ದೃಢಪಟ್ಟುದು 2022ರ ಡಿಸೆಂಬರಿನಲ್ಲಿ, ರಾಯಚೂರು ಜಿಲ್ಲೆಯಲ್ಲಿ. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯೇ ಇದಕ್ಕೂ ವಾಹಕ. ಅದು ಕೊಳಚೆಯನ್ನರಸದೆ, ಮನೆಯೊಳಗೆ ಶೇಖರಿಸಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ವಿಜಯಪುರದ ಜಲನಗರವಾಗಲಿ, ತಿಕೋಟಾ ಬಬಲೇಶ್ವರಗಳಾಗಲಿ ಮಳೆ ಕಡಮೆಯ ಸೀಮೆಗೆ ಸೇರಿದುವು. ಇಂತಹ ಸೀಮೆಯಲ್ಲಿ ಕೊಡ, ಹಂಡೆ, ತೊಟ್ಟಿಗಳನ್ನು ತುಂಬಿಡುವುದು ಗೃಹಿಣಿಯ ವಿವೇಕವೇ ಸರಿ. ಆ ವಿವೇಕವೇ ಸೊಳ್ಳೆಗೆ ಆಶ್ರಯವಾಗುವುದು ವಿಪರ್ಯಾಸ. ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿ ತೊಳೆದು ಮುಚ್ಚಿಡುವುದೇ ಇದಕ್ಕೆ ಪರಿಹಾರ.

ಸೊಳ್ಳೆಯನ್ನು ತಡೆದರಷ್ಟೇ ಸಾಲದು. ಬ್ರೆಜಿಲ್ ದೇಶದಲ್ಲಿ 2015ರಲ್ಲಿ ರೋಗವು ವ್ಯಾಪಿಸಿದ ತರುವಾಯ, 2016ರ ಜನವರಿಯಲ್ಲಿ ಎಲ್ ಸಾಲ್ವಡಾರ್ ಸರ್ಕಾರವು 2018ರವರೆಗೆ ಗರ್ಭಧರಿಸಬೇಡಿರೆಂದು ಸ್ತ್ರೀಯರಿಗೆ ಸೂಚಿಸಿತು. ಅದನ್ನು ಪಾಲಿಸಲು ಬೇಕಾದ ಸಾಧನವು ಬಡವರ ಕೈಗೆ ಎಟುಕುವುದೆ, ಪತಿಯು ಒಪ್ಪುವನೆ ಎಂಬ ಪ್ರಶ್ನೆಗಳಿಗೆ ಆ ಸೂಚನೆಯಲ್ಲಿ ಉತ್ತರವಿರಲಿಲ್ಲ. ಸಾಧನವಿಲ್ಲದ ಉಪದೇಶವು ಹೊಣೆಯನ್ನು ಸ್ತ್ರೀಯ ಮೇಲೆ ಹೊರಿಸುವುದಷ್ಟೆ.

ಈ ವಿಷಯದಲ್ಲಿ ಕನ್ನಡನಾಡಿಗೆ ಹಳೆಯ ಪರಂಪರೆಯುಂಟು. ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಮಂಜೂರಾತಿಯಿತ್ತಿತು. ಆದರೂ ರೂಢಿಯ ಮಾತನ್ನು ಪರೀಕ್ಷಿಸಿದರೆ ಒಂದು ಕೊರತೆ ಕಾಣಬರುತ್ತದೆ. ನಮ್ಮ ಜನರು ಕೇವಲ ‘ಆಪರೇಷನ್’ ಎಂದರೆ ಸ್ತ್ರೀಯರ ಸಂತಾನಹರಣ ಶಸ್ತ್ರಕ್ರಿಯೆಯೆಂದೇ ಅರ್ಥಮಾಡುವುದುಂಟು. ಕರ್ನಾಟಕದಲ್ಲಿ ಅತ್ಯಧಿಕವಾಗಿ ಬಳಕೆಯಲ್ಲಿರುವ ವಿಧಾನವೂ ಅದೇ. ಮಕ್ಕಳು ಸಾಕೆಂಬವರಿಗೆ ಅದು ಒಪ್ಪುವುದು; ರೋಗವು ಶಮನವಾಗುವವರೆಗೆ ಮಾತ್ರ ಕಾಯಬಯಸುವ ನವದಂಪತಿಗಳಿಗೆ ಅದರಿಂದ ಪ್ರಯೋಜನವಿಲ್ಲ. ‘ನಿಲ್ಲಿಸುವುದು’ ಬೇರೆ, ‘ಮುಂದೂಡುವುದು’ ಬೇರೆ.

ಮುಂದೂಡುವ ಸಾಧನಗಳು ಸರ್ಕಾರೀ ವ್ಯವಸ್ಥೆಯಲ್ಲಿಯೇ ಇವೆ. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿಗೆ ‘ಅಂತರಾ’ ಎಂದು ಹೆಸರು. ‘ಛಾಯಾ’ ಎಂಬ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಸಲ, ಅನಂತರ ವಾರಕ್ಕೊಮ್ಮೆ ಸೇವಿಸತಕ್ಕದ್ದು. ಜನರು ವಂಕಿಯೆನ್ನುವ ಕಾಪರ್-ಟಿಯನ್ನು ಬೇಕಾದಾಗ ತೆಗೆಯಿಸಬಹುದು. ಇವೆಲ್ಲವೂ ಗರ್ಭವನ್ನು ತಡೆಯುವುವೇ ಹೊರತು ಸೋಂಕನ್ನಲ್ಲ. ಎರಡನ್ನೂ ತಡೆಯುವುದು ನಿರೋಧ್ ಒಂದೇ. ಅದನ್ನು ಧರಿಸತಕ್ಕವನು ಪುರುಷನು. ವಿಶ್ವ ಆರೋಗ್ಯ ಸಂಸ್ಥೆಯು ಸೋಂಕಿನ ಶಂಕೆಯಿರುವ ಪುರುಷನಿಗೆ ಮೂರು ತಿಂಗಳು, ಸ್ತ್ರೀಗೆ ಎರಡು ತಿಂಗಳು ಇಂತಹ ಎಚ್ಚರವನ್ನು ವಿಧಿಸಿದೆ.

ಆಶಾ ಕಾರ್ಯಕರ್ತೆಯರು ನಿರೋಧ್ ಮತ್ತು ಗುಳಿಗೆಗಳನ್ನು ಮನೆಬಾಗಿಲಿಗೆ ತಲಪಿಸುವ ಯೋಜನೆಯು 2011ರಲ್ಲಿ ಆರಂಭವಾಯಿತು. ಮನೆಯ ನೀರಿನ ಪಾತ್ರೆಗಳಲ್ಲಿ ಸೊಳ್ಳೆಮರಿಗಳನ್ನು ಹುಡುಕಲು ಹೋಗುವವರಲ್ಲಿಯೂ ಇವರಿರುವರು. ಆದುದರಿಂದ ಪಿಡುಗಿನ ಕಾಲದಲ್ಲಿ ಈ ಎರಡು ಕಾರ್ಯಗಳನ್ನು ಒಂದೇ ಭೇಟಿಯಲ್ಲಿ ಜೋಡಿಸುವುದೂ, ಪತಿಪತ್ನಿಯರಿಬ್ಬರೊಡನೆಯೂ ಮಾತನಾಡುವುದೂ ಯುಕ್ತವೆಂದು ತೋರುತ್ತದೆ.