ಬುತ್ತಿಯಿಲ್ಲದ ದಂಡು

ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುತಿ ದೇಗುಲದ ಗೋಡೆಯ ಮೇಲೆ, ರವಿಕೀರ್ತಿಯು ಕ್ರಿ. ಶ. 634ರಲ್ಲಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹಾಡಿದನು. ಕೆಲವೇ ವರ್ಷಗಳಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಗೆದ್ದು ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನು ಬರೆಯಿಸಿದನು. ಇವೆರಡನ್ನೂ ಪಾಠ ಹೇಳುವಾಗ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಆ ದಂಡುಗಳು ಉಂಡುದೇನು? ಪ್ರಶಸ್ತಿಗಳು ಗೆಲವನ್ನು ಸಾರುತ್ತವೆ; ಬುತ್ತಿಯ ಮಾತನ್ನು ಎತ್ತುವುದಿಲ್ಲ. ಈ ಪ್ರಶ್ನೆಗೆ ಕಠೋರವಾದ ಉತ್ತರವನ್ನು ಕೊಡುವುದು ಜಪಾನೀ ಸೇನೆಯ 31ನೆಯ ಡಿವಿಜನ್ನಿನ ಚರಿತ್ರೆ.

1943ರ ಮಾರ್ಚಿಯಲ್ಲಿ ಬ್ಯಾಂಕಾಕಿನಲ್ಲಿ ರೂಪುಗೊಂಡ ಈ ಪಡೆಯಲ್ಲಿ 58, 124 ಮತ್ತು 138ನೆಯ ಪದಾತಿ ರೆಜಿಮೆಂಟುಗಳಿದ್ದವು. ಇದರ ನಾಯಕ ಜನರಲ್ ಕೊಟೊಕು ಸಾಟೊ. ಮೇಲಧಿಕಾರಿ 15ನೆಯ ಸೇನೆಯ ಜನರಲ್ ಮುಟಗುಚಿ. 1944ರ ಮಾರ್ಚಿ 15ರಂದು ಇದು ಚಿಂದ್ವಿನ್ ನದಿಯನ್ನು ದಾಟಿ ಕೊಹಿಮಾದತ್ತ ಹೊರಟಿತು. ಕೈಯಲ್ಲಿದ್ದುದು ಮೂರು ವಾರಗಳ ಆಹಾರ. ಹೊರೆ ಹೊರಲೂ ಕೊನೆಗೆ ಉಣ್ಣಲೂ ಆದೀತೆಂದು ಹೊಡೆದುಕೊಂಡು ಹೋದ ದನಗಳಲ್ಲಿ ಬಹಳಷ್ಟು ಹೊಳೆಯಲ್ಲಿಯೂ ಕಣಿವೆಗಳಲ್ಲಿಯೂ ಅಳಿದವು. ಮಿಕ್ಕುದನ್ನು ಶತ್ರುವಿನ ಉಗ್ರಾಣಗಳಿಂದ ಕಸಿದುಕೊಳ್ಳಬಹುದೆಂಬುದು ಮುಟಗುಚಿಯ ಲೆಕ್ಕ. ಬನಶಂಕರಿಯ ಜಾತ್ರೆಗೆ ಚಕ್ಕಡಿ ಹೂಡುವ ನಮ್ಮ ಇಳಕಲ್ಲಿನ ಕಡೆಯ ಒಕ್ಕಲಿಗನೂ ಎತ್ತಿಗೆ ಮೇವನ್ನೂ ಮಂದಿಗೆ ರೊಟ್ಟಿಯನ್ನೂ ಎಣಿಸಿಕೊಳ್ಳದೆ ಊರು ಬಿಡುವವನಲ್ಲ!

ಆ ದಂಡಿನ ದಾರಿಗೆ ಅಡ್ಡ ನಿಂತವರಲ್ಲಿ ನಮಗೆ ಹತ್ತಿರದವರೂ ಇದ್ದರು. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದೆ. ಅದರ 4ನೆಯ ಬೆಟಾಲಿಯನ್ನು ಮಾರ್ಚಿ ಕೊನೆಯ ವಾರದಲ್ಲಿ ಸಂಗ್‌ಶಾಕ್ ಎಂಬ ಗುಡ್ಡದೂರಿನಲ್ಲಿ ಪ್ಯಾರಾಚೂಟ್ ಬ್ರಿಗೇಡಿನೊಡನೆ ನಿಂತು 58ನೆಯ ರೆಜಿಮೆಂಟನ್ನು ತಡೆಯಿತು. ಊರು ಕೈಬಿಟ್ಟಿತು, ಆದರೆ ಶತ್ರುವಿನ ಅಮೂಲ್ಯವಾದ ದಿನಗಳು ಕಳೆದವು. ಮೂರು ವಾರಗಳ ಅಕ್ಕಿಯನ್ನು ಹೊತ್ತವನಿಗೆ ಒಂದೊಂದು ದಿನವೂ ಒಂದೊಂದು ತುತ್ತು.

ಏಪ್ರಿಲ್ 4ರಂದು ಕೊಹಿಮಾದ ಕದನ ಮೊದಲಾಯಿತು. ಮುತ್ತಿಗೆಯೊಳಗಿದ್ದವರಿಗೆ ವಿಮಾನಗಳು ಆಹಾರವನ್ನು ಇಳಿಸಿದವು. ಸಾಟೊವಿನ ಸೈನಿಕರಿಗೆ ಹಿಂದಿನಿಂದ ಬಂದುದು ಬಹುಮಟ್ಟಿಗೆ ಆಜ್ಞೆಗಳು ಮಾತ್ರ. ಮಳೆ ಹಿಡಿಯಿತು, ಹಸಿವೆಗೆ ರೋಗ ಜೊತೆಯಾಯಿತು. ಮೇ ತಿಂಗಳ ಕೊನೆಗೆ ಸಾಟೊ ಮೇಲಧಿಕಾರಿಯ ಆಜ್ಞೆಯನ್ನು ಮೀರಿ ತನ್ನ ಪಡೆಯನ್ನು ಹಿಂದೆಗೆಯತೊಡಗಿದನು. ಜೂನ್ 22ರಂದು ಕೊಹಿಮಾ–ಇಂಫಾಲ ರಸ್ತೆ ತೆರೆಯಿತು. ಹಿಂದಿರುಗುವ ದಾರಿಯಲ್ಲಿಯೂ ಅಸಂಖ್ಯ ಯೋಧರು ಹಸಿವೆಯಿಂದ ಮಡಿದರು. ಸಾಟೊವನ್ನು ಪದವಿಯಿಂದ ತೆಗೆಯಲಾಯಿತು. ವಿಚಾರಣೆಯಾಗಲೆಂದು ಅವನೇ ಬಯಸಿದ್ದನು. ಮತಿ ಸ್ಥಿಮಿತದಲ್ಲಿಲ್ಲವೆಂದು ಹೇಳಿ ವಿಚಾರಣೆಯನ್ನೇ ನಡೆಸಲಿಲ್ಲ. ವಿಚಾರಣೆ ನಡೆದಿದ್ದರೆ ಅಕ್ಕಿಯ ಲೆಕ್ಕ ಹೊರಬೀಳುತ್ತಿತ್ತು.

ಈತನನ್ನು ನಾನು ವೀರನೆಂದು ಹೊಗಳಲಾರೆ. ನಮ್ಮ ನೆಲದ ಮೇಲೆ ದಂಡೆತ್ತಿ ಬಂದವನವನು. ಆದರೆ ಸ್ವಾಮಿನಿಷ್ಠೆಯನ್ನು ಪರಮಧರ್ಮವೆಂದು ಹಾಡಿದ ಸಾಹಿತ್ಯವನ್ನು ಕಲಿಸುವ ನನಗೆ ಅವನು ಒಂದು ತೊಡಕನ್ನು ಒಡ್ಡುತ್ತಾನೆ. ಜೋಳವಾಳಿ ಎಂಬ ಹಳಗನ್ನಡದ ಮಾತನ್ನು ನೆನೆಯಿರಿ: ಒಡೆಯನು ಕೊಟ್ಟ ಜೋಳದ ಋಣವನ್ನು ಪ್ರಾಣವಿತ್ತು ತೀರಿಸುವುದು. ಜೋಳವನ್ನೇ ಕೊಡದ ಒಡೆಯನಿಗೆ ಆಳು ಯಾವ ಋಣವನ್ನು ತೀರಿಸಬೇಕು?

ಇಂದು ಕೊಹಿಮಾದ ಸ್ಮಶಾನದಲ್ಲಿ 1,420 ಗೋರಿಗಳಿವೆ. ಅಲ್ಲಿಯೇ, ದಹನ ಹೊಂದಿದ 917 ಹಿಂದೂ ಮತ್ತು ಸಿಖ್ ಯೋಧರ ಸ್ಮಾರಕವೂ ಇದೆ. ನಮ್ಮ ಊರ ಹೊರಗಣ ವೀರಗಲ್ಲುಗಳಿಗೆ ಎಣ್ಣೆ ಎರೆಯುವ ಕೈಗಳು ಆ ದೂರದ ಕಲ್ಲಿಗೂ ಒಮ್ಮೆ ಮುಗಿಯಲಿ.