ಒಣದ್ರಾಕ್ಷಿ, ಕುಕ್ಕರ್ ಮತ್ತು ಲೇಬಲ್ ಇಲ್ಲದ ಬಾಟಲಿ: ಇರಾನಿನ ಮನೆಭಟ್ಟಿಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಇರಾನ್ ಬಗ್ಗೆ. ಆದ್ರೆ ಶುರು ಮಾಡೋದು ಮೈಸೂರಿನಿಂದ.

ನಾನು ಮೈಸೂರಲ್ಲಿ ಬಿ.ಕಾಂ. ಓದ್ತಿದ್ದಾಗ ನಮ್ಮ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ಇರಾನಿ ವಿದ್ಯಾರ್ಥಿ ಇದ್ದ. ಊರು ಕಜ್ವೀನ್, ಟೆಹರಾನ್‌ನಿಂದ ವಾಯವ್ಯಕ್ಕಿರುವ ದ್ರಾಕ್ಷಿ ಬೆಳೆಯೋ ಸೀಮೆ. ಒಂದಿನ ಇಬ್ಬರೂ ದೇವರಾಜ ಮಾರ್ಕೆಟ್‌ಗೆ ಹೋಗಿದ್ವಿ. ಅಲ್ಲಿ ಒಣದ್ರಾಕ್ಷಿ ರಾಶಿ ನೋಡಿ ಅವನು ನಕ್ಕುಬಿಟ್ಟ. "ನಮ್ಮೂರಲ್ಲಿ ಒಬ್ಬರೇ ಹೋಗಿ 20 ಕೆಜಿ ಕಿಶ್ಮಿಶ್ ಕೊಡಿ ಅಂದ್ರೆ ಅಂಗಡಿಯವನು ಏನೂ ಕೇಳಲ್ಲ. ಆದ್ರೆ ಅವನಿಗೆ ಗೊತ್ತಾಗಿರುತ್ತೆ" ಅಂದ.

ಏನು ಗೊತ್ತಾಗಿರುತ್ತೆ ಅಂತ ಕೇಳಿದೆ. ಅವರಪ್ಪ ವರ್ಷಕ್ಕೊಂದು ಸಲ ಮನೆಯಲ್ಲೇ ಭಟ್ಟಿ ಇಳಿಸ್ತಾರಂತೆ. ಮದ್ಯ ನಿಷೇಧ ಇರೋ ದೇಶದಲ್ಲಿ, ಅಡುಗೆಮನೆಯಲ್ಲಿ, ಅಮ್ಮನ ಕುಕ್ಕರ್‌ನಲ್ಲಿ! ನನಗೆ ಆಗ ಅದು ತಮಾಷೆ ಕಥೆ ಅನ್ನಿಸಿತ್ತು. ಆಮೇಲೆ 2020 ಬಂತು. ಆ ವರ್ಷ ಇರಾನ್‌ನಿಂದ ಬಂದ ಸುದ್ದಿಗಳನ್ನ ನೋಡಿದ ಮೇಲೆ ತಮಾಷೆ ಅನ್ನಿಸಲಿಲ್ಲ.

ಕಾನೂನು ಏನು ಹೇಳುತ್ತೆ?

1979ರ ಇಸ್ಲಾಮಿಕ್ ಕ್ರಾಂತಿಯ ನಂತರ ಇರಾನಿನಲ್ಲಿ ಮದ್ಯ ತಯಾರಿಸುವುದು, ಮಾರುವುದು, ಕುಡಿಯುವುದು ಎಲ್ಲವೂ ಅಪರಾಧ. ಕುಡಿದು ಸಿಕ್ಕಿಬಿದ್ದ ಮುಸ್ಲಿಮರಿಗೆ 80 ಛಡಿಯೇಟಿನ ಶಿಕ್ಷೆ. ಮೂರು ಸಲ ಶಿಕ್ಷೆಯಾದವನು ನಾಲ್ಕನೇ ಸಲ ಸಿಕ್ಕಿಬಿದ್ದರೆ ಮರಣದಂಡನೆಯನ್ನೇ ಕೊಡಬಹುದು. ಇದು ಬರೀ ಪುಸ್ತಕದಲ್ಲಿರೋ ಕಾನೂನು ಅಂದುಕೊಳ್ಳಬೇಡಿ. 2020ರ ಜುಲೈನಲ್ಲಿ ಮಶ್ಹದ್ ನಗರದಲ್ಲಿ ಒಬ್ಬ ವ್ಯಕ್ತಿಯನ್ನು ಇದೇ ಅಪರಾಧಕ್ಕೆ ಗಲ್ಲಿಗೇರಿಸಲಾಯಿತು.

ಒಂದು ವಿನಾಯಿತಿ ಇದೆ. ಅರ್ಮೇನಿಯನ್ ಮತ್ತು ಅಸ್ಸೀರಿಯನ್ ಕ್ರೈಸ್ತರು, ಯಹೂದಿಗಳು, ಜರತುಷ್ಟ್ರರು ತಮ್ಮ ಮನೆಯೊಳಗೆ, ತಮ್ಮ ಬಳಕೆಗೆ ಅಂತ ಮಾಡಿಕೊಂಡರೆ ಸರ್ಕಾರ ತಲೆ ಹಾಕಲ್ಲ. ಆದ್ರೆ ಮುಸ್ಲಿಮರಿಗೆ ಮಾರಿದರೆ ಅಪರಾಧ. ಹಾಗಾಗಿ ದಶಕಗಳಿಂದ ಟೆಹರಾನ್‌ನಲ್ಲಿ "ಅರ್ಮೇನಿಯನ್ನರ ಮನೆಯ ಮಾಲು" ಅನ್ನೋ ಮಾತಿಗೆ ಒಂದು ಬೆಲೆ ಇದೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಬೆವರಿನ ಹೆಸರಿನ ಪಾನೀಯ

ಇರಾನಿಯರು ಮನೆಯಲ್ಲಿ ಇಳಿಸುವ ಈ ಒಣದ್ರಾಕ್ಷಿ ಬ್ರಾಂದಿಗೆ 'ಅರಘ್ ಸಗೀ' ಅಂತಾರೆ. ಸಗ್ ಅಂದ್ರೆ ನಾಯಿ. ಅರಘ್ ಅಂದ್ರೆ ಬೆವರು, ಮೂಲ ಅರಬ್ಬಿಯ 'ಅರಕ್'. ಬಿಸಿ ಆವಿ ತಣ್ಣನೆಯ ಲೋಹಕ್ಕೆ ತಾಗಿ ಹನಿ ಹನಿಯಾಗಿ ಕೂರುತ್ತಲ್ಲ, ಅದು ಪಾತ್ರೆ ಬೆವರಿದ ಹಾಗೆ ಕಾಣುತ್ತೆ. ಇಂಗ್ಲಿಷಿನವರು ನಮ್ಮ ಸಾರಾಯಿಯನ್ನ ಅರಾಕ್ ಅಂತ ಕರೆದದ್ದೂ ಇದೇ ಪದದಿಂದ.

ಕೆಲಸದ ತತ್ವ ಸರಳ. ಒಣದ್ರಾಕ್ಷಿಯನ್ನ ನೀರಲ್ಲಿ ಹಾಕಿ ಹುಳಿ ಬರೋಕೆ ಬಿಡ್ತಾರೆ. ನಮ್ಮಲ್ಲಿ ಅಬಕಾರಿ ಪೊಲೀಸರು 'ಬೆಲ್ಲದ ಕೊಳೆ ನಾಶಪಡಿಸಿದರು' ಅಂತ ಪೇಪರಲ್ಲಿ ಬರುತ್ತಲ್ಲ, ಅದೇ ಕೊಳೆ. ಇಲ್ಲಿ ಬೆಲ್ಲದ ಜಾಗದಲ್ಲಿ ದ್ರಾಕ್ಷಿ ಅಷ್ಟೇ. ಯೀಸ್ಟ್ ಸಕ್ಕರೆ ತಿಂದು ಎಥನಾಲ್ ಮಾಡುತ್ತೆ. ಎಥನಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತೆ, ನೀರು 100ಕ್ಕೆ. ಕಾಯಿಸಿದಾಗ ಮೊದಲು ಏಳುವ ಆವಿಯಲ್ಲಿ ಮದ್ಯಸಾರ ಹೆಚ್ಚು, ನೀರು ಕಮ್ಮಿ. ಆ ಆವಿಯನ್ನ ತಣಿಸಿದರೆ ಬ್ರಾಂದಿ.

ಇದನ್ನ ಕಾನೂನು ತಡೆಯೋದು ಯಾಕೆ ಕಷ್ಟ? ಕಚ್ಚಾ ಮಾಲನ್ನ ನಿಷೇಧಿಸೋಕೆ ಆಗಲ್ಲ. ಇರಾನ್ ಒಣದ್ರಾಕ್ಷಿ ರಫ್ತು ಮಾಡೋ ದೇಶ. ಮಲಾಯೆರ್, ತಾಕಿಸ್ತಾನ್ ಕಡೆ ಅದೇ ಜೀವನಾಧಾರ. ಉಪಕರಣವನ್ನೂ ನಿಷೇಧಿಸೋಕೆ ಆಗಲ್ಲ. ಕಾಶಾನ್ ಹತ್ತಿರ ಕಮ್ಸರ್ ಅನ್ನೋ ಊರಿದೆ. ಅಲ್ಲಿ ಪ್ರತಿ ಮೇ ತಿಂಗಳು ಗುಲಾಬಿ ಹೂವನ್ನ ತಾಮ್ರದ ಹಂಡೆಯಲ್ಲಿ ಕಾಯಿಸಿ ಪನ್ನೀರು ಇಳಿಸ್ತಾರೆ. ಪುದೀನ, ಕಾಸನಿ ಬೇರಿನ 'ಅರಘ್' ಕೂಡ ಅಂಗಡಿಗಳಲ್ಲಿ ರಾಜಾರೋಷವಾಗಿ ಸಿಗುತ್ತೆ. ಹಂಡೆ ಅದೇ, ಕೊಳವೆ ಅದೇ, ಪದವೂ ಅದೇ. ಹೂವು ಹಾಕಿದರೆ ಸಂಪ್ರದಾಯ, ಹುಳಿ ಬಂದ ದ್ರಾಕ್ಷಿ ಹಾಕಿದರೆ ಅಪರಾಧ.

ಅಲ್ಲಿಯ ದ್ರಾಕ್ಷಿಯ ಇತಿಹಾಸವೂ ಸಣ್ಣದಲ್ಲ. ವಾಯವ್ಯ ಇರಾನಿನ ಹಾಜಿ ಫಿರೂಜ್ ತೆಪೆಯಲ್ಲಿ ಸಿಕ್ಕ, ಸುಮಾರು 7,000 ವರ್ಷ ಹಳೆಯ ಮಡಕೆಗಳಲ್ಲಿ ದ್ರಾಕ್ಷಾರಸದ ಗುರುತು ಪತ್ತೆಯಾಗಿದೆ. ಕನ್ನಡದ ಗಜಲ್ ಓದೋರಿಗೆ 'ಸಾಕಿ' ಪದ ಗೊತ್ತು, ಬಟ್ಟಲಿಗೆ ಮಧು ಸುರಿಯುವವರು. ಇವತ್ತಿನ ಟೆಹರಾನ್‌ನ ಆಡುಮಾತಿನಲ್ಲಿ ಸಾಕಿ ಅಂದ್ರೆ ಫೋನ್ ಮಾಡಿದರೆ ಕಳ್ಳಮಾಲು ತಂದುಕೊಡುವವನು.

ಹಾಗಾದ್ರೆ ವಿಷ ಬಂದದ್ದು ಎಲ್ಲಿಂದ?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. "ಮನೇಲಿ ಭಟ್ಟಿ ಇಳಿಸಿದ್ರೆ ಕಣ್ಣು ಹೋಗುತ್ತೆ" ಅಂತ ಕೇಳಿರ್ತೀರಿ. ಅದರಲ್ಲಿ ಅರ್ಧ ಮಾತ್ರ ನಿಜ.

ಕಣ್ಣು ತೆಗೆಯೋದು ಮೆಥನಾಲ್. ಹಣ್ಣಿನಲ್ಲಿ ಪೆಕ್ಟಿನ್ ಅಂತ ಒಂದು ಅಂಶ ಇದೆ, ಜಾಮ್ ಗಟ್ಟಿಯಾಗೋದು ಅದರಿಂದಲೇ. ಅದು ಒಡೆದಾಗ ಸ್ವಲ್ಪ ಮೆಥನಾಲ್ ಬರುತ್ತೆ. ಹಾಗಾಗಿ ಹಣ್ಣಿನ ಬ್ರಾಂದಿ ಯಾವುದರಲ್ಲೇ ಆದರೂ ಅದು ಇದ್ದೇ ಇರುತ್ತೆ. ಯುರೋಪಿಯನ್ ಒಕ್ಕೂಟದಲ್ಲಿ ಸಾಮಾನ್ಯವಾಗಿ ಹಣ್ಣಿನ ಬ್ರಾಂದಿಗೆ, ಒಂದು ಲೀಟರ್ ಶುದ್ಧ ಮದ್ಯಸಾರದ ಲೆಕ್ಕಕ್ಕೆ 10 ಗ್ರಾಂವರೆಗೆ ಮಿತಿ ಇಟ್ಟಿದ್ದಾರೆ. ಆ ಪ್ರಮಾಣದಲ್ಲಿ ಜೊತೆಗಿರುವ ಎಥನಾಲ್ಲೇ ದೊಡ್ಡ ಅಪಾಯ.

ನೂರಾರು ಜನ ಒಟ್ಟಿಗೆ ಸಾಯೋದು ಹಣ್ಣಿನ ಮೆಥನಾಲ್‌ನಿಂದ ಅಲ್ಲ. ಕಾರ್ಖಾನೆಯ ಮೆಥನಾಲನ್ನ ಯಾರೋ ಬಾಟಲಿಗೆ ಬೆರೆಸಿದಾಗ. ಇರಾನ್ ನೈಸರ್ಗಿಕ ಅನಿಲದಿಂದ ಮೆಥನಾಲ್ ತಯಾರಿಸುವ ಜಗತ್ತಿನ ದೊಡ್ಡ ದೇಶಗಳಲ್ಲೊಂದು. ಅದು ಅಗ್ಗ, ಬಣ್ಣವಿಲ್ಲ, ವಾಸನೆ ಹೆಚ್ಚುಕಮ್ಮಿ ಎಥನಾಲ್‌ನದೇ. ಗುರುತು ಸಿಗಲಿ ಅಂತ ಸರ್ಕಾರ ಅದಕ್ಕೆ ಬಣ್ಣ ಸೇರಿಸೋದನ್ನ ಕಡ್ಡಾಯ ಮಾಡಿದೆ. ಕಳ್ಳದಂಧೆಯವರು ಬ್ಲೀಚ್ ಹಾಕಿ ಆ ಬಣ್ಣವನ್ನೇ ತೆಗೆದು ಮಾರಿದರು.

2018ರ ಮೇನಲ್ಲಿ ಅಮೆರಿಕ ಪರಮಾಣು ಒಪ್ಪಂದದಿಂದ ಹೊರಬಂತು. ಆ ವರ್ಷ ಇರಾನಿನ ರಿಯಾಲ್ ಬೆಲೆ ಡಾಲರ್ ಎದುರು ಅರ್ಧಕ್ಕಿಂತ ಕೆಳಗೆ ಕುಸಿಯಿತು. ಇರಾಕಿ ಕುರ್ದಿಸ್ತಾನದ ಕಡೆಯಿಂದ ಗುಡ್ಡ ಹತ್ತಿ, ಬೆನ್ನ ಮೇಲೆ ಹೊತ್ತು ತರುವ ವಿದೇಶಿ ಬಾಟಲಿ ದುಬಾರಿಯಾಯ್ತು. ಡಾಲರ್ ಏರಿದ್ರೆ ಆಮದು ಮಾಲು ಏರುತ್ತೆ ಅನ್ನೋ ನಿಯಮ ಕಳ್ಳಮಾಲಿಗೂ ಅನ್ವಯ. ಅಗ್ಗದ ಮಾಲಿಗೆ ಬೇಡಿಕೆ ಬಂತು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಂದರ್ ಅಬ್ಬಾಸ್ ಸೇರಿ ಹಲವು ಊರುಗಳ ಆಸ್ಪತ್ರೆಗಳಿಗೆ ಮೆಥನಾಲ್ ವಿಷಬಾಧಿತರು ಸಾಲುಗಟ್ಟಿದರು. ಹತ್ತಾರು ಜನ ಸತ್ತರು.

2020ರಲ್ಲಿ ಕೊರೊನಾ ಬಂದಾಗ, ಮದ್ಯ ಕುಡಿದರೆ ವೈರಸ್ ಸಾಯುತ್ತೆ ಅನ್ನೋ ಸುಳ್ಳು ಸುದ್ದಿ ಮೊಬೈಲ್‌ಗಳಲ್ಲಿ ಹರಿದಾಡಿತು. ಎಂದೂ ಕುಡಿಯದವರೂ ಕುಡಿದರು. ಅಧಿಕೃತ ಲೆಕ್ಕದ ಪ್ರಕಾರವೇ ಫೆಬ್ರುವರಿಯಿಂದ ಏಪ್ರಿಲ್ ಆರಂಭದವರೆಗೆ 5,000ಕ್ಕೂ ಹೆಚ್ಚು ಜನರಿಗೆ ವಿಷವೇರಿತು, 700ಕ್ಕೂ ಹೆಚ್ಚು ಜನ ಸತ್ತರು. ಸುಮಾರು 90 ಜನರ ಕಣ್ಣು ಹೋಯಿತು ಅಥವಾ ದೃಷ್ಟಿಗೆ ಪೆಟ್ಟು ಬಿತ್ತು.

ಆಗ ನನ್ನ ಗೆಳೆಯನಿಗೆ ಮೆಸೇಜ್ ಮಾಡಿದೆ. ಅವನ ಉತ್ತರ ಇಷ್ಟೇ: "ಅಪ್ಪ ಮಾಡಿದ್ದು ಬಿಟ್ಟು ನಮ್ಮನೇಲಿ ಯಾರೂ ಬೇರೆ ಬಾಟಲಿ ಮುಟ್ಟಲ್ಲ."

ನಾನು ಕಾಮರ್ಸ್ ಓದಿದ್ದು ಇಲ್ಲಿ ಉಪಯೋಗಕ್ಕೆ ಬಂತು

ಆ ಉತ್ತರ ಓದಿದಾಗ ನನಗೆ ಅರ್ಥಶಾಸ್ತ್ರದ ಒಂದು ಪಾಠ ನೆನಪಾಯ್ತು. 1970ರಲ್ಲಿ ಜಾರ್ಜ್ ಅಕರ್‌ಲಾಫ್ ಸೆಕೆಂಡ್ ಹ್ಯಾಂಡ್ ಕಾರುಗಳ ಬಗ್ಗೆ ಒಂದು ಲೇಖನ ಬರೆದರು. ಆಮೇಲೆ, 2001ರಲ್ಲಿ, ಅವರಿಗೆ ನೊಬೆಲ್ ಕೂಡ ಬಂತು. ಅದರ ಸಾರ ಇದು: ಮಾರುವವನಿಗೆ ಮಾಲಿನ ಗುಣ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸ ಕಾಣದಿದ್ದಾಗ ಯಾರೂ ಒಳ್ಳೆಯದಕ್ಕೆ ಹೆಚ್ಚು ಬೆಲೆ ಕೊಡಲ್ಲ. ಒಳ್ಳೆಯ ಮಾಲಿನವನು ಹಿಂದೆ ಸರೀತಾನೆ, ಸಂತೆಯಲ್ಲಿ ಕೆಟ್ಟದ್ದೇ ಉಳಿಯುತ್ತೆ.

ಮಾಮೂಲಿ ಮಾರುಕಟ್ಟೆಯಲ್ಲಿ ಇದಕ್ಕೆ ಮದ್ದು ಇದೆ: ಲೇಬಲ್, ಬ್ಯಾಚ್ ನಂಬರ್, ಪರೀಕ್ಷೆ ಮಾಡೋ ಲ್ಯಾಬ್, ಗ್ರಾಹಕರ ಕೋರ್ಟು. ನಿಷೇಧ ಬಂದಾಗ ಬಾಟಲಿ ಹೋಗಲ್ಲ, ಇವೆಲ್ಲ ಹೋಗುತ್ತೆ. ಆಗ ಉಳಿಯೋ ಏಕೈಕ ಲೇಬಲ್ ಅಂದ್ರೆ ಮಾಡಿದವನ ಮುಖ. ಅಪ್ಪ ಮಾಡಿದ್ದು. ಪಕ್ಕದ ಮನೆಯ ಅರ್ಮೇನಿಯನ್ ಅಜ್ಜ ಮಾಡಿದ್ದು. ಈಗ ಗೊತ್ತಾಯ್ತಲ್ಲ, ಆ ಮಾತಿಗೆ ಯಾಕೆ ಬೆಲೆ ಅಂತ? ತೊಂದರೆ ಏನಂದ್ರೆ, ಸಾಕಿ ಕೂಡ ಫೋನಲ್ಲಿ ಅದೇ ಮಾತು ಹೇಳ್ತಾನೆ. ಸುಳ್ಳಾದರೆ ದೂರು ಕೊಡೋಕೆ ಜಾಗ ಇಲ್ಲ. ದೂರು ಕೊಡೋಕೆ ಹೋದವನಿಗೇ 80 ಏಟು.

ಇದು ಒಂದು ಧರ್ಮದ ಅಥವಾ ಒಂದು ದೇಶದ ಕಥೆ ಅಲ್ಲ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, ಕೈಗಾರಿಕೆಗೆ ಬಳಸುವ ಆಲ್ಕೋಹಾಲನ್ನ ಯಾರೂ ಕುಡಿಯಬಾರದು ಅಂತ ಅಲ್ಲಿಯ ಸರ್ಕಾರವೇ ಅದಕ್ಕೆ ಮೆಥನಾಲ್ ಬೆರೆಸೋಕೆ ಹೇಳಿತ್ತು. ಅದನ್ನೇ ಕದ್ದು ಮಾರಿದರು, ಕುಡಿದವರು ಸತ್ತರು.

ನಮ್ಮಲ್ಲೂ ಆಗಿದೆ. ನಮ್ಮೂರು ಕೋಲಾರದ ಕಡೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯ್ತು. 2008ರ ಮೇನಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ನಾನಾಗ ಪ್ರೈಮರಿ ಸ್ಕೂಲಲ್ಲಿದ್ದೆ. ನಮ್ಮ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಒಬ್ಬ ಮಾಮ ಬದುಕಿ ಬಂದರು, ಕಣ್ಣು ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ "ಎಲ್ಲಾ ಬೆಳ್ಳಗೆ ಕಾಣ್ತಿದೆ" ಅಂದರಂತೆ. ಕುಡಿದದ್ದು ಗೊತ್ತಾದ್ರೆ ಪೊಲೀಸರು ಬರ್ತಾರೆ ಅಂತ ಮನೆಯವರು ಹೆದರಿ ಸಂಜೆವರೆಗೂ ಆಸ್ಪತ್ರೆಗೆ ಕರಕೊಂಡು ಹೋಗಲಿಲ್ಲ. ಇವತ್ತಿಗೂ ಅತ್ತೆ ಇಸ್ತ್ರಿ ಮಾಡ್ತಾರೆ, ಮಾಮ ಪಕ್ಕದಲ್ಲಿ ಕೂತು ಬಟ್ಟೆ ಮಡಚಿ ಕೊಡ್ತಾರೆ.

ಗೊತ್ತಿರಲೇಬೇಕಾದ ಮೂರು ಮಾತು

ಒಂದು, ಮೆಥನಾಲ್ ತಕ್ಷಣ ಕೊಲ್ಲಲ್ಲ. ದೇಹ ಅದನ್ನ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತೆ, ಆ ಆಮ್ಲ ಕಣ್ಣಿನ ನರವನ್ನ ಸುಡುತ್ತೆ. ಇದಕ್ಕೆ ಸಾಮಾನ್ಯವಾಗಿ 12ರಿಂದ 24 ಗಂಟೆ ಬೇಕು. ಹಾಗಾಗಿ "ನಿನ್ನೆ ಕುಡಿದಾಗ ಚೆನ್ನಾಗೇ ಇದ್ದ" ಅನ್ನೋ ಮಾತಿಗೆ ಅರ್ಥ ಇಲ್ಲ.

ಎರಡು, ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡೋದು, ಮೊದಲು ಇಳಿದ ಹನಿ ಚೆಲ್ಲಿಬಿಟ್ಟರೆ ಸಾಕು ಅನ್ನೋದು, ಇವು ಯಾವುದನ್ನೂ ನಂಬಬೇಡಿ. ಎರಡೂ ಬೆರೆತ ಮೇಲೆ ಜ್ವಾಲೆ ನೋಡಿ ಬೇರ್ಪಡಿಸೋಕೆ ಆಗಲ್ಲ. ಸಾದಾ ಹಂಡೆಯಲ್ಲಿ ಮೆಥನಾಲ್ ಮೊದಲಿಂದ ಕೊನೆವರೆಗೂ ಸ್ವಲ್ಪ ಸ್ವಲ್ಪ ಇಳೀತಾನೇ ಇರುತ್ತೆ.

ಮೂರು, ಇದಕ್ಕೆ ಚಿಕಿತ್ಸೆ ಇದೆ. ಫೊಮೆಪಿಝೋಲ್ ಅನ್ನೋ ಔಷಧಿ ಇದೆ, ಡಯಾಲಿಸಿಸ್ ಇದೆ. ಔಷಧಿ ಸಿಗದಿದ್ದಾಗ ವೈದ್ಯರು ಅಳತೆಯಿಟ್ಟು ಶುದ್ಧ ಎಥನಾಲನ್ನೇ ಕೊಡ್ತಾರೆ. ಎಥನಾಲ್ ಇರುವವರೆಗೆ ದೇಹ ಮೆಥನಾಲ್ ಕಡೆ ಹೋಗಲ್ಲ, ಅಷ್ಟರಲ್ಲಿ ಅದನ್ನ ಹೊರಹಾಕಬಹುದು. ಇದು ಆಸ್ಪತ್ರೆಯಲ್ಲಿ ನಡೆಯೋ ಕೆಲಸ, ಮನೆಮದ್ದಲ್ಲ. ಮದ್ಯ ನಿಷೇಧಿಸಿದ ಇರಾನಿನ ಆಸ್ಪತ್ರೆಗಳಲ್ಲೂ ಜೀವ ಉಳಿಸೋಕೆ ಇದನ್ನೇ ಬಳಸ್ತಾರೆ.

ಕೊನೆಯದಾಗಿ ಒಂದು ಸ್ಪಷ್ಟನೆ. ನಿಷೇಧದಿಂದ ಏನೂ ಲಾಭ ಇಲ್ಲ ಅಂತ ನಾನು ಹೇಳ್ತಿಲ್ಲ. ಸಾರಾಯಿಯಿಂದ ಹಾಳಾದ ಮನೆಗಳನ್ನ ನೋಡಿ ಬೆಳೆದವನು ನಾನು. ಸಾರಾಯಿ ಬಂದ್ ಮಾಡಿ ಅಂತ ಬೀದಿಗಿಳಿದ ಹೆಂಗಸರ ಸಿಟ್ಟು ನ್ಯಾಯವಾದದ್ದೇ. ನಿಷೇಧ ಇದ್ದಲ್ಲಿ ಒಟ್ಟು ಕುಡಿತ ಕಮ್ಮಿ ಇರಬಹುದು. ಆದ್ರೆ ಆಮೇಲೂ ಕುಡಿಯೋರು ಇರ್ತಾರಲ್ಲ, ಅವರನ್ನ ಲೆಕ್ಕದಿಂದಲೇ ಬಿಟ್ಟುಬಿಡ್ತೀವಿ. ಇರಾನ್ ಸರ್ಕಾರ ಕೂಡ ಕಳೆದ ದಶಕದಲ್ಲಿ ಮದ್ಯವ್ಯಸನಿಗಳಿಗೆ ಚಿಕಿತ್ಸಾ ಕೇಂದ್ರಗಳಿಗೆ ಅನುಮತಿ ಕೊಡಬೇಕಾಯ್ತು. ಅಂದ್ರೆ ಕುಡಿಯೋರು ಇದ್ದಾರೆ ಅಂತ ಒಪ್ಪಿಕೊಂಡ ಹಾಗೇ. ಒಪ್ಪಿಕೊಂಡ ಮೇಲೆ ಇನ್ನೊಂದು ಹೆಜ್ಜೆ ಇಡಬಹುದು: ವಿಷ ಕುಡಿದು ಆಸ್ಪತ್ರೆಗೆ ಬಂದವನಿಗೆ ಕೇಸು ಹಾಕಲ್ಲ ಅನ್ನೋ ಭರವಸೆ. ಅದಕ್ಕೆ ನಿಷೇಧ ತೆಗೆಯೋದೂ ಬೇಡ.

ನಿಮ್ಮ ಪರಿಚಯದಲ್ಲಿ ಯಾರಾದ್ರೂ ಕುಡಿದ ಮಾರನೇ ದಿನ ಕಣ್ಣು ಮಂಜು ಅಂದ್ರೆ, ಉಸಿರು ಜೋರಾಗಿದ್ರೆ, ಬೈಯೋದನ್ನ ಆಮೇಲೆ ಇಟ್ಟುಕೊಳ್ಳಿ. ಮೊದಲು ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ, ಏನು ಕುಡಿದದ್ದು ಅಂತ ಮುಚ್ಚಿಡದೆ ಹೇಳಿ. ನಮ್ಮ ಬೀದಿಯ ಮಾಮನಿಗೆ ತಪ್ಪಿದ್ದು ಆ ಒಂದು ಹಗಲು.